ಮಾನಸಿಕ ಆರೋಗ್ಯದ ಹೊಸ ನರ್ಸ್‌ಗೆ ನಮ್ಮ ಮನೆಗಳ ನೆರವು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮ್ಮ ಮಕ್ಕಳು ನರ್ಸಿಂಗ್ ಓದುತ್ತಿದ್ದಾರೆ. ಅವರಲ್ಲಿ ಯಾರಾದರೂ ಮಾನಸಿಕ ಆರೋಗ್ಯ ವಿಭಾಗ ಸೇರುತ್ತೇನೆಂದರೆ ‘ಹುಚ್ಚರ ಆಸ್ಪತ್ರೆಯಲ್ಲಿ ನೌಕರಿಯೇ?’ ಎಂಬ ಮಾತು ಮೊದಲು ಮನೆಯಿಂದಲೇ ಬರುತ್ತದೆ. ಆದರೆ ಅದೇ ಮನೆಯಲ್ಲಿ ಒಬ್ಬರಿಗೆ ನಿದ್ದೆ ಕೆಟ್ಟು, ಊಟ ಬಿಟ್ಟು, ಮಾತು ನಿಂತಾಗ ಬೇಕಾಗುವುದು ಇಂಥ ಸಿಸ್ಟರೇ.

ಜಿಎನ್‌ಎಂ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಎರಡರಲ್ಲೂ ಮಾನಸಿಕ ಆರೋಗ್ಯದ ಪಾಠ ಮತ್ತು ವಾರ್ಡಿನ ತರಬೇತಿ ಇರುತ್ತದೆ. ಹೆಚ್ಚು ಕಲಿಯಬಯಸುವವರಿಗೆ ಈ ವಿಷಯದಲ್ಲೇ 2 ವರ್ಷದ ಎಂ.ಎಸ್ಸಿ. ಇದೆ. 1845ರಲ್ಲಿ ಮಾನಸಿಕ ಆಸ್ಪತ್ರೆಯಾಗಿ ಆರಂಭವಾದ ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲಿ ಈ ಕ್ಷೇತ್ರದ ದೊಡ್ಡ ಸಂಸ್ಥೆಗಳು.

ಓದು ಮುಗಿದ ಮೇಲೆ

ಕಲಿಯುವಾಗ ಪಕ್ಕದಲ್ಲಿ ಶಿಕ್ಷಕರಿರುತ್ತಾರೆ, ನೋಡಿಕೊಳ್ಳಲು ಒಬ್ಬಿಬ್ಬರು ರೋಗಿಗಳಿರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಇಡೀ ವಾರ್ಡಿನ ಜವಾಬ್ದಾರಿ, ರಾತ್ರಿ ಡ್ಯೂಟಿ, ಸಿಟ್ಟಿಗೇಳುವ ರೋಗಿ, ಅವಸರ ಮಾಡುವ ಸಂಬಂಧಿಕರು. ಪುಸ್ತಕದಲ್ಲಿ ‘ಖಿನ್ನತೆ’ ಎಂದು ಓದಿರುತ್ತಾರೆ. ರೋಗಿ ಮಾತ್ರ ‘ಎದಿ ಭಾರ ಆಗೈತಿ’ ಎನ್ನುತ್ತಾನೆ, ಇಲ್ಲವೇ ‘ದಿಲ್ ಘಬರಾರಾ’ ಎನ್ನುತ್ತಾನೆ. ಗಡಿಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಕಿವಿಗೊಟ್ಟು ಕೇಳಬೇಕು. ಇದು ಅನುಭವದಿಂದಲೇ ಬರುವ ವಿದ್ಯೆ. ಹೊಸಬರು ಹಿರಿಯ ಸಿಸ್ಟರ್‌ರನ್ನು ಕೇಳಿ ಕೆಲಸ ಮಾಡಿದರೆ ಅದನ್ನು ಅಸಡ್ಡೆಯಿಂದ ನೋಡಬೇಡಿ. ಹಾಗೆ ಕೇಳುವುದರಿಂದ ನಿಮ್ಮ ರೋಗಿಗೇ ಒಳ್ಳೆಯದು.

ಅವರು ಕೇಳಿದಾಗ ಮುಚ್ಚಿಡಬೇಡಿ

‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ಸಿಸ್ಟರ್ ನೇರವಾಗಿ ಕೇಳಬಹುದು. ಮನೆಯವರು ಸಿಟ್ಟಾಗುತ್ತಾರೆಂದು ಹೊಸ ನರ್ಸ್ ಅನೇಕ ಸಲ ಈ ಪ್ರಶ್ನೆಗೇ ಹಿಂಜರಿಯುತ್ತಾರೆ. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಒಳಗಿರುವುದು ಹೊರಬಂದು ಜೀವ ಉಳಿಯಬಹುದು. ರೋಗಿಯೊಂದಿಗೆ ಒಂಟಿಯಾಗಿ ಮಾತಾಡಲೂ ಅವರಿಗೆ ಅವಕಾಶ ಕೊಡಿ.

ಗುಳಿಗೆಯ ವಿಷಯದಲ್ಲೂ ಸತ್ಯ ಹೇಳಿ. ಖಿನ್ನತೆಯ ಔಷಧಿಯ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಕೆಲವು ಮನೋರೋಗದ ಔಷಧಿಗಳಿಂದ ಕತ್ತು ತಿರುಚಿಕೊಳ್ಳಬಹುದು, ಕೈ ನಡುಗಬಹುದು. ಹೆದರಿ ಗುಳಿಗೆ ನಿಲ್ಲಿಸಬೇಡಿ, ಕೂಡಲೇ ಆಸ್ಪತ್ರೆಗೆ ತಿಳಿಸಿ, ಅದಕ್ಕೂ ಪರಿಹಾರವಿದೆ. ಯುನಾನಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಮ್ಮ ವೈದ್ಯಗ್ರಂಥಗಳು ‘ಮಾಲಿಖೂಲಿಯಾ’ ಎಂದು ಮನಸ್ಸಿನ ಬೇನೆಯನ್ನು ರೋಗಗಳ ಸಾಲಿನಲ್ಲೇ ಇಟ್ಟಿವೆ. ಹಾಗಿರುವಾಗ ನಾಚಿಕೆಯೇಕೆ?

ರಮಝಾನ್‌ಗೆ ಮುಂಚೆಯೇ ವೈದ್ಯರನ್ನು ಕಾಣಿರಿ. ಲಿಥಿಯಂ ಸೇವಿಸುವವರಲ್ಲಿ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಉಪವಾಸ ಹಿಡಿಯಬಹುದೇ, ಗುಳಿಗೆಯ ಸಮಯ ಬದಲಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಸರಪಳಿ ಬೇಡ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಸಮೀಪದ ಒಂದು ಖಾಸಗಿ ಆಶ್ರಯ ಮನೆಗೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಅವರು ಓಡಿ ಪಾರಾಗಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ‘ಕಟ್ಟಿಹಾಕಿ’ ಎಂಬ ನಿಮ್ಮ ಒತ್ತಾಯಕ್ಕೆ ಹೊಸ ಸಿಸ್ಟರ್ ಒಪ್ಪದಿದ್ದರೆ ಅದು ಮೊಂಡುತನವಲ್ಲ, ಅವರ ಕರ್ತವ್ಯ. ದುಆ ಮಾಡಿರಿ, ದವಾ ಬಿಡಬೇಡಿರಿ.

ಮಗಳೇ ನರ್ಸ್ ಆಗಿದ್ದರೆ

ರಾತ್ರಿ ಡ್ಯೂಟಿ ಮುಗಿಸಿ ಬಂದವಳಿಗೆ ಮೊದಲು ನಿದ್ದೆ ಮಾಡಲು ಬಿಡಿ, ಮನೆಗೆಲಸ ಆಮೇಲೆ. ರೋಗಿಗಳ ಹೆಸರು, ಊರು ಕೇಳಬೇಡಿ. ಅದನ್ನು ಗುಟ್ಟಾಗಿಡುವುದು ಅವಳ ಹೊಣೆ. ಮಾನಸಿಕ ಕಾಯಿಲೆ ಅಂಟುರೋಗವಲ್ಲವೆಂದು ಬಂಧುಗಳಿಗೆ ನೀವೇ ತಿಳಿಹೇಳಿ. ವಾರಗಟ್ಟಲೆ ನಿದ್ದೆ ಬಾರದೆ, ಕೆಲಸದ ಹೆಸರು ಕೇಳಿದರೇ ಅಳು ಬರುವಂತಾದರೆ ಅವಳಿಗೂ ಚಿಕಿತ್ಸೆ ಬೇಕು. ‘ನೌಕರಿ ಬಿಡು’ ಎನ್ನುವ ಮುಂಚೆ ಹಿರಿಯ ಸಿಸ್ಟರ್ ಅಥವಾ ವೈದ್ಯರೊಂದಿಗೆ ಮಾತಾಡಲು ಹೇಳಿ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ರೋಗಿ, ಮನೆಯವರು, ನರ್ಸ್ ಯಾರಾದರೂ ಕರೆ ಮಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಈ ವಾರವೇ ವಿಚಾರಿಸಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.