ಫೈಲ್ ಕಳಿಸಬೇಡ, ಬದಲಾವಣೆ ಕಳಿಸು

ಪ್ರೀತಿಯ ತಂಗೀ,

ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನಿನ್ನ ಕೈಗೆ ಬಂತೆಂದು ತಿಳಿದು ಖುಷಿಯಾಯಿತು. ಡೇಟಾಬೇಸ್ ಎಸ್‌ಕ್ಯೂಲೈಟ್ ಎಂದಿದ್ದೀ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್‌ಗೆ ಬೇರೆ ಸರ್ವರ್ ಪ್ರೋಗ್ರಾಂ ಬೇಕಿಲ್ಲ. ಎಲ್ಲವೂ ಒಂದೇ ಫೈಲಿನಲ್ಲಿ. ಹಾಗಾಗಿಯೇ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ: ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಿದ್ದಿ, ವಾಪಸ್ ಏರಿಸಿಬಿಟ್ಟರಾಯಿತಲ್ಲ!

ಆಗುವುದಿಲ್ಲ. ಹನ್ನೊಂದಕ್ಕೆ ಇಳಿಸಿಕೊಂಡು, ಬೆಲೆ ತಿದ್ದಿ, ಹನ್ನೆರಡಕ್ಕೆ ಏರಿಸಿದೆ ಎಂದುಕೋ. ಆ ಒಂದು ಗಂಟೆಯಲ್ಲಿ ಬಂದ ಆರ್ಡರ್‌ಗಳೆಲ್ಲ ಹೋದವು. ಎರರ್ ಬರುವುದಿಲ್ಲ, ಸೈಟ್ ನಿಲ್ಲುವುದಿಲ್ಲ. ದುಡ್ಡು ಕಟ್ಟಿದ ಗಿರಾಕಿ ಫೋನ್ ಮಾಡಿದಾಗಲೇ ಗೊತ್ತಾಗುವುದು.

ಇನ್ನೊಂದು ಪೇಚೂ ಇದೆ. ಸರ್ವರಿನಲ್ಲಿ ಆ ಫೋಲ್ಡರ್ ತೆರೆದು ನೋಡು. ಡೇಟಾಬೇಸ್ ಪಕ್ಕದಲ್ಲೇ, ಅದರದೇ ಹೆಸರಿಗೆ ‘-ವಾಲ್’, ‘-ಎಸ್‌ಎಚ್‌ಎಂ’ ಎಂಬ ಬಾಲ ಅಂಟಿದ ಎರಡು ಫೈಲ್ ಕಂಡರೆ ಅದು ವಾಲ್ ಮೋಡ್, 2010ರ 3.7.0 ಆವೃತ್ತಿಯಿಂದ ಬಂದದ್ದು. ಹೊಸದಾಗಿ ಬರೆದದ್ದು ಮೊದಲು ಆ ವಾಲ್ ಫೈಲಿಗೆ ಹೋಗುತ್ತದೆ. ಸಾಮಾನ್ಯವಾಗಿ ಅದು 1000 ಪೇಜ್ ಮುಟ್ಟಿದ ಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. ಮುಖ್ಯ ಫೈಲನ್ನಷ್ಟೇ ಕಾಪಿ ಮಾಡಿದರೆ ತೀರಾ ಈಚಿನ ವಹಿವಾಟು ಅದರಲ್ಲಿ ಇಲ್ಲದಿರಬಹುದು. ಹಳೆಯ ವಾಲ್ ಪಕ್ಕದಲ್ಲಿರುವಾಗಲೇ ಹೊಸ ಫೈಲ್ ತಂದಿಟ್ಟರೆ ಎರಡೂ ಕಲಸಿಹೋಗಿ ‘ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’ ಎಂಬ ಸಂದೇಶ ಕಾಣಬೇಕಾದೀತು.

ಆದ್ದರಿಂದ ಒಂದು ನಿಯಮ ಇಟ್ಟುಕೋ: ಡೇಟಾ ಸರ್ವರಿನಿಂದ ನಿನ್ನ ಕಡೆಗೆ ಬರಲಿ, ನಿನ್ನಿಂದ ಸರ್ವರಿಗೆ ಬದಲಾವಣೆ ಮಾತ್ರ ಹೋಗಲಿ. ಸೈಟ್ ನಡೆಯುತ್ತಿರುವಾಗಲೇ ‘.ಬ್ಯಾಕಪ್’ ಕಮಾಂಡ್ ಕೊಟ್ಟು ಪ್ರತಿ ತೆಗೆ. ವಾಲ್‌ನಲ್ಲಿರುವುದೂ ಸೇರಿ ಬರುತ್ತದೆ. ಬೇಕಾದ ತಿದ್ದುಪಡಿಯನ್ನು ಎಸ್‌ಕ್ಯೂಎಲ್ ಸ್ಕ್ರಿಪ್ಟ್ ಆಗಿ ಬರೆದು, ಆ ಪ್ರತಿಯ ಮೇಲೆ ಮೊದಲು ಓಡಿಸು. ‘ಇಂಟೆಗ್ರಿಟಿ ಚೆಕ್’ ಮಾಡಿಸಿ ‘ಓಕೆ’ ಬರುವುದನ್ನು ನೋಡು. ಎಷ್ಟು ಸಾಲು ಬದಲಾದವು ಎಂದೂ ನೋಡು: ನಲವತ್ತು ಸಾಮಾನಿನ ಬೆಲೆ ತಿದ್ದಲು ಹೊರಟು ನಾಲ್ಕು ಸಾವಿರ ಬದಲಾಗಿದ್ದರೆ ‘ವೇರ್’ ಷರತ್ತಿನಲ್ಲೇ ಎಡವಟ್ಟು. ಎಲ್ಲ ಸರಿಯಿದ್ದರೆ ಅದೇ ಸ್ಕ್ರಿಪ್ಟನ್ನು ಸರ್ವರಿನಲ್ಲಿ ‘ಬಿಗಿನ್’, ‘ಕಮಿಟ್’ ನಡುವೆ ಓಡಿಸು. ‘ಅಪ್‌ಡೇಟ್’ ಕೊಟ್ಟು, ಕಮಿಟ್ ಮಾಡದೆ ಕಾಫಿಗೆ ಎದ್ದುಹೋಗಬೇಡ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ಅಷ್ಟು ಹೊತ್ತೂ ಗಿರಾಕಿಗಳ ಆರ್ಡರ್ ಬಾಗಿಲಲ್ಲೇ ನಿಲ್ಲುತ್ತದೆ.

ಫೈಲನ್ನೇ ಬದಲಿಸದೆ ವಿಧಿಯಿಲ್ಲ ಎನ್ನುವ ಸಂದರ್ಭ ಬಂದರೆ ಮೊದಲು ಸೈಟ್ ನಿಲ್ಲಿಸು. ಲಿನಕ್ಸ್‌ನಲ್ಲಿ ಹಳೆಯ ಫೈಲ್ ತೆರೆದಿಟ್ಟುಕೊಂಡ ಪ್ರೋಗ್ರಾಂ, ನೀನು ಅದನ್ನು ಅಳಿಸಿದ ಮೇಲೂ ಅದಕ್ಕೇ ಬರೆಯುತ್ತಿರುತ್ತದೆ. ಅಂಥ ಪ್ರೋಗ್ರಾಂ ಯಾವುದೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಪ್ರತಿ ತೆಗೆದು, ಅದನ್ನೇ ತಿದ್ದಿ, ಹಳೆಯ ಮೂರೂ ಫೈಲುಗಳನ್ನು ಒಟ್ಟಿಗೆ ಬೇರೆಡೆ ಇಟ್ಟು, ಹೊಸದನ್ನು ಕೂರಿಸು.

ಬೆಲೆ ತಿದ್ದುವ ಸ್ಕ್ರಿಪ್ಟ್ ಬರೆದಾದ ಮೇಲೆ, ಸರ್ವರಿನಲ್ಲಿ ಓಡಿಸುವ ಮುಂಚೆ ನನಗೊಮ್ಮೆ ಕಳಿಸು. ಇಬ್ಬರೂ ಕೂತು ಓದೋಣ.

ಇತಿ,
ನಿನ್ನ ಅಕ್ಕ