ವಿಶೇಷ ಶಾಲೆ: ನಮ್ಮ ಮಗುವಿಗೆ ಯಾವುದು ಸರಿ?

(ಸಂಘದ ಸಭೆಗೆ ಪಾಠ)



"ಇಂಥ ಮಗೂನ ಎಲ್ಲಾದ್ರೂ ಹಾಸ್ಟೆಲಿಗೆ ಹಾಕಿಬಿಡಿ" ಎನ್ನುವವರು ಊರಲ್ಲಿ ಬೇಕಾದಷ್ಟು ಜನ. "ಹೆಣ್ಣು ಹುಡುಗಿ, ಇವಳಿಗ್ಯಾಕೆ ಓದು, ಮನೇಲೇ ಇರಲಿ" ಎನ್ನುವವರೂ ಇದ್ದಾರೆ. ಎರಡೂ ಮಾತು ಕೇಳಿ ತಾಯಿ ಒಬ್ಬಳೇ ಕೊರಗುತ್ತಾಳೆ. ಶಾಲೆ ಆರಿಸುವ ಮೊದಲು ಏನೇನು ನೋಡಬೇಕು, ತಿಳಿಯೋಣ.

1. ಕಾನೂನು ಏನು ಹೇಳುತ್ತದೆ?
2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ನಮ್ಮದು. ಊರಿನ ಸರ್ಕಾರಿ ಶಾಲೆ "ಸೇರಿಸಿಕೊಳ್ಳಲ್ಲ" ಅನ್ನುವಂತಿಲ್ಲ.

2. ಮೊದಲು ತಪಾಸಣೆ
ಮಾತು ಬಾರದ ಮಗುವಿಗೆಲ್ಲ ಬುದ್ಧಿ ಕಮ್ಮಿ ಅಂತಲ್ಲ. ಕಿವಿ ಕೇಳದಿದ್ದರೂ ಮಾತು ಬರುವುದಿಲ್ಲ. ಅಂಥ ಮಗುವನ್ನು ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಹಾಕಿದರೆ ಅದರ ಕಲಿಯುವ ವಯಸ್ಸೇ ಹಾಳು. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಕೊಳ್ಳಿ.

3. ಯಾವ ಮಗುವಿಗೆ ಎಲ್ಲಿ?
* ನಡೆಯಲು ಮಾತ್ರ ಕಷ್ಟವಿದ್ದರೆ ಊರ ಶಾಲೆಯೇ ಸರಿ. ಇಳಿಜಾರು ದಾರಿ, ಹಿಡಿಕೆ ಇರುವ ಶೌಚಾಲಯ ಕೇಳಿ ಮಾಡಿಸಿ.
* ಕಲಿಕೆ ಸ್ವಲ್ಪ ನಿಧಾನವಾದರೆ ಊರ ಶಾಲೆಯ ಜೊತೆಗೆ ಬಿ.ಆರ್.ಸಿ.ಯ ವಿಶೇಷ ಶಿಕ್ಷಕರ ಸಹಾಯ ಪಡೆಯಿರಿ.
* ಊಟ, ಸ್ನಾನ, ಬಟ್ಟೆಯನ್ನೇ ಹೇಳಿಕೊಡಬೇಕಾದ ಮಗುವಿಗೆ, ಸಂಜ್ಞೆ ಭಾಷೆ ಅಥವಾ ಬ್ರೈಲ್ ಬೇಕಾದ ಮಗುವಿಗೆ ವಿಶೇಷ ಶಾಲೆ ಅನುಕೂಲ.
* ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಮನೆಯಲ್ಲೇ ಶಿಕ್ಷಣ ಕೊಡುವ ವ್ಯವಸ್ಥೆ ಇದೆ.

4. ಶಾಲೆಗೆ ಹೋದಾಗ
ಬಣ್ಣದ ಗೋಡೆ ನೋಡಿ ಮರುಳಾಗಬೇಡಿ. ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ್ದಾರಾ? ಪ್ರತಿ ಮಗುವಿಗೂ ಬೇರೆ ಬೇರೆ ಕಲಿಕಾ ಯೋಜನೆ ಬರೆದಿದ್ದಾರಾ? ಹಾಸ್ಟೆಲ್ ಇದ್ದರೆ ರಾತ್ರಿ ಹೆಣ್ಣುಮಕ್ಕಳ ಜೊತೆ ಯಾರು ಮಲಗುತ್ತಾರೆ? ಶೌಚಾಲಯ, ಅಡುಗೆಮನೆ, ಮಲಗುವ ಕೋಣೆ ಕಣ್ಣಾರೆ ನೋಡಿ. ತಾಯಿ ಬಂದರೆ ಗೇಟಿನಲ್ಲೇ ನಿಲ್ಲಿಸುವ ಶಾಲೆ ಬೇಡ. ಮಾತು ಬಾರದ ಮಗು ತನಗಾದ ನೋವನ್ನು ಮನೆಗೆ ಬಂದು ಹೇಳಲಾರದು.

5. ದೂರ ಮತ್ತು ದುಡ್ಡು
ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ಸುಮಾರು 30ರಿಂದ 40 ಕಿ.ಮೀ. ದಿನಾ ಮಗು ಕರೆದೊಯ್ಯುವ ತಾಯಿಯ ಕೂಲಿ ಹೋಗುತ್ತದೆ. ಆ ಲೆಕ್ಕವನ್ನೂ ಹಾಕಿ. ವಿಕಲಚೇತನರಿಗೆ ಕೆ.ಎಸ್.ಆರ್.ಟಿ.ಸಿ. ರಿಯಾಯಿತಿ ಪಾಸ್ ಇದೆ. ಡೊನೇಷನ್ ಕಟ್ಟಲು ಸಂಘದ ಸಾಲ ತೆಗೆಯುವ ಮುಂಚೆ ಉಚಿತವಾಗಿ ಕಲಿಸುವ ಶಾಲೆ ಇದೆಯಾ ವಿಚಾರಿಸಿ. ಹಾಸನದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ, ಇಲ್ಲವೇ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಹತ್ತಿರ ಕೇಳಿ.

ಚರ್ಚೆಗೆ
1. ನಮ್ಮ ಊರಲ್ಲಿ ಶಾಲೆಗೆ ಹೋಗದ ಇಂಥ ಮಕ್ಕಳು ಎಷ್ಟು? ಅದರಲ್ಲಿ ಹೆಣ್ಣುಮಕ್ಕಳೆಷ್ಟು?
2. ಆ ತಾಯಿ ಸಭೆಗೆ ಬರುತ್ತಾಳಾ? ಬರದಿದ್ದರೆ ಯಾಕೆ?

ಮಾಡಬೇಕಾದ ಕೆಲಸ
ಶಾಲೆ ನೋಡಲು ಹೋಗುವ ತಾಯಿಯ ಜೊತೆ ಸಂಘದ ಒಬ್ಬ ಸದಸ್ಯೆ ಹೋಗಿಬರಲಿ. ಒಬ್ಬಳು ಕೇಳಲು ಹಿಂಜರಿಯುವುದನ್ನು ಇಬ್ಬರು ಧೈರ್ಯವಾಗಿ ಕೇಳಬಹುದು. ದೇವರು ಕೊಟ್ಟ ಮಗು ಒಂದು ಮನೆಯದು, ಅದರ ಜವಾಬ್ದಾರಿ ನಮ್ಮೆಲ್ಲರದು.