ಅಲೈನ್‌ಮೆಂಟ್‌ಗೆ ಓಡುವ ಮೊದಲು

ಹಳೆಯ ಜಿಪ್ಸಿಯ ಸ್ಟೇರಿಂಗ್ ಒಂದೇ ಕಡೆಗೆ ಎಳೆಯುತ್ತಿದ್ದರೆ ತಕ್ಷಣ ಅಲೈನ್‌ಮೆಂಟ್‌ಗೆ ಓಡಬೇಡಿ. ಅದರ ಮುಂದಿನ ಆಕ್ಸಲ್ ಇಡಿಯಾದದ್ದು. ಅಲ್ಲಿ ಸಾಮಾನ್ಯವಾಗಿ ತಿದ್ದುವುದು ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದನ್ನೇ. ಟೋ ತಪ್ಪಿದರೆ ಟೈರು ಬೇಗ ಸವೆಯುತ್ತದೆ, ಗಾಡಿ ಒಂದೇ ಕಡೆ ಎಳೆಯುವುದು ಅಪರೂಪ. ಟೈರು ತಣ್ಣಗಿರುವಾಗ ಗಾಳಿ ಸರಿಮಾಡಿ, ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ಓಡಿಸಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು. ಬದಲಾಗದಿದ್ದರೆ, ಬ್ರೇಕ್ ಹೆಚ್ಚು ಒತ್ತದೆ ಸ್ವಲ್ಪ ದೂರ ಹೋಗಿಬಂದು ಎರಡೂ ಚಕ್ರಗಳ ನಡುಭಾಗಕ್ಕೆ, ಮುಟ್ಟದೆ, ಅಂಗೈ ಹಿಡಿಯಿರಿ. ಒಂದರ ಕಾವು ಹೆಚ್ಚಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು, ಇಲ್ಲವೇ ಬೇರಿಂಗ್ ಬಿಗಿದಿರಬಹುದು. ಎಡಕ್ಕೆ ತುಸುವೇ ವಾಲುತ್ತದಲ್ಲ ಎನ್ನುತ್ತೀರಾ? ಮಳೆನೀರು ಹರಿಯಲೆಂದು ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ, ಅಷ್ಟು ಸಹಜ. ಆದರೆ ಬ್ರೇಕ್ ಒತ್ತಿದಾಗಲೇ ಎಳೆದರೆ, ರಿಪೇರಿಯಾಗುವ ತನಕ ದಯವಿಟ್ಟು ಘಾಟಿ ಇಳಿಯಬೇಡಿ.